ಸದ್ದಿನೊಳಗಿನ ಗೆದ್ದಲು

ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ಗೆದ್ದಲಿನ ಪರಿಚಯವನ್ನು ಹೇಳಬೇಕಾಗಿಲ್ಲ. ಒಂದು ಅಕ್ಷರ ನಷ್ಟವಾದರೆ ಒಂದು ಪಾಠಾಂತರ ಹುಟ್ಟುತ್ತದೆ. ಪಂಡಿತರಲ್ಲಿ ಒಂದು ಜಗಳವೂ ಹುಟ್ಟುತ್ತದೆ. ಧ್ವನಿಮುದ್ರಣಕ್ಕೂ ಇಂಥದೊಂದು ಗೆದ್ದಲುಂಟು. ಮಾತಿನ ಹಿಂದೆ ಸದಾ 'ಹಿಸ್' ಎಂದು ಸುಯ್ಯುವ ಆ ಸಣ್ಣ ಸದ್ದಿನ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ಅದರ ಪರಿಚಯ ನನಗಾದುದು 1986ರ ಏಪ್ರಿಲ್‌ನಲ್ಲಿ, ಮಾನ್ವಿಯಲ್ಲಿ. ನನ್ನ ಸೋದರತ್ತೆ ಹಾಡುಗಳ ಕಣಜವೇ ಆಗಿದ್ದಳು. ಮಾನ್ವಿಯ ಜಗನ್ನಾಥದಾಸರು, ಅದೇ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಇವರ ಪದಗಳಲ್ಲದೆ ಅಂಕಿತವಿಲ್ಲದ ಎಷ್ಟೋ ಹೆಂಗಸರ ಹಾಡುಗಳು ಅವಳ ಬಾಯಲ್ಲಿದ್ದವು. ನಾನು ರಾಯಚೂರಿನಿಂದ ಕ್ಯಾಸೆಟ್ ಯಂತ್ರ ಒಯ್ದೆ. ಮುದುಕಿ ಅಂಜಬಾರದೆಂದು ಅದನ್ನು ದೂರದ ಟ್ರಂಕಿನ ಮೇಲಿಟ್ಟೆ. ಸೆಕೆಗೆ ಫ್ಯಾನು ತಿರುಗಿಸಿದೆ. ಎರಡೂ ನನ್ನದೇ ತಪ್ಪು. ಊರಿಗೆ ಮರಳಿ ಕೇಳಿದರೆ, ಒಂದು ಹಾಡಿನಲ್ಲಿ ಅವಳಂದುದು 'ಸಂಗ'ವೋ 'ಹಂಗ'ವೋ ತಿಳಿಯದಾಯಿತು. ಒಂದು ಒಡನಾಟ, ಇನ್ನೊಂದು ಋಣ. ಹಾಡಿನ ಅರ್ಥವೇ ಅದರ ಮೇಲೆ ನಿಂತಿತ್ತು. ಮುಂದಿನ ರಜೆಯಲ್ಲಿ ಕೇಳಿದರಾಯಿತೆಂದುಕೊಂಡೆ. ಆ ರಜೆಗೆ ಅತ್ತೆ ಇರಲಿಲ್ಲ.

ನಮ್ಮ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನ ಅಶೋಕನ ಹೆಸರನ್ನು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಾದುಕೊಂಡಿತ್ತು. ಹೆಸರು ಉಳಿಯಿತು, ದನಿ ಉಳಿಯಲಿಲ್ಲ. ನುಡಿದ ಮಾತನ್ನು ಹಿಡಿದಿಟ್ಟು ಮರಳಿ ನುಡಿಸುವ ವಿದ್ಯೆ ಬಂದದ್ದು 1877ರಲ್ಲಿ, ಎಡಿಸನ್ನನ ಫೋನೋಗ್ರಾಫಿನಿಂದ. ಮನೆಗೆ ಮೈಕು ತರುವುದರಲ್ಲಿ ಕನ್ನಡಿಗರು ಹಿಂದೆ ಬಿದ್ದವರೇನಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 30 ವ್ಯಾಟ್‌ಗಳ ಪುಟ್ಟ ಯಂತ್ರವೊಂದರಿಂದ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರ ತೆರೆದರು. 'ಆಕಾಶವಾಣಿ' ಎಂಬ ಹೆಸರು ನಾಡಿಗೆ ಬಳಕೆಯಾದದ್ದು ಆ ಮನೆಯಿಂದ.

ಅದೇ ವರ್ಷ ಬರ್ಲಿನ್ನಿನಲ್ಲಿ ಕಾಂತೀಯ ಟೇಪಿನ ಯಂತ್ರ ಪ್ರದರ್ಶನಕ್ಕೆ ಬಂತು. ಅದರ ಸುಯ್ಲು ಅಸಹನೀಯವಾಗಿತ್ತು. 1940ರಲ್ಲಿ ಜರ್ಮನ್ ಬಾನುಲಿಯ ವಾಲ್ಟರ್ ವೆಬರ್, ಕಿವಿಗೆ ಕೇಳಿಸದ ಅತಿ ವೇಗದ ಕಂಪನವೊಂದನ್ನು ಮುದ್ರಣದೊಡನೆ ಬೆರೆಸಿದರೆ ಸುಯ್ಲು ಬಹುವಾಗಿ ತಗ್ಗುವುದನ್ನು ಕಂಡುಕೊಂಡ. 1963ರಲ್ಲಿ ಫಿಲಿಪ್ಸ್‌ನ ಕ್ಯಾಸೆಟ್ ಬಂದಾಗ ಹಳೆಯ ಕಾಟ ಮರಳಿತು. ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ, ವೇಗ ಸೆಕೆಂಡಿಗೆ 5 ಸೆಂಟಿಮೀಟರಿಗೂ ಕಡಿಮೆ. ದನಿಯನ್ನು ಹೊರುವ ಕಣಗಳು ಕಡಿಮೆಯಾದಷ್ಟೂ ಸುಯ್ಲು ಮೇಲೇಳುತ್ತದೆ.

ಇದಕ್ಕೆ ಪರಿಹಾರ ಹೊಳೆದದ್ದು ನಮ್ಮ ದೇಶದಲ್ಲಿಯೇ ಎಂಬುದು ಸ್ವಾರಸ್ಯದ ಸಂಗತಿ. ರೇ ಡಾಲ್ಬಿ ಎಂಬ ಅಮೆರಿಕನ್ ತಜ್ಞ 1963ರಿಂದ 1965ರವರೆಗೆ ಯುನೆಸ್ಕೋ ಸಲಹೆಗಾರನಾಗಿ ಭಾರತದಲ್ಲಿದ್ದ. ಉಪಾಯದ ಮೂಲ ಹೊಳಹು ಆತನಿಗೆ ಸಿಕ್ಕಿದ್ದು ಆ ದಿನಗಳಲ್ಲಿ. ಮುದ್ರಿಸುವಾಗ ಕ್ಷೀಣವಾದ ತಾರಸ್ಥಾಯಿಯ ದನಿಗಳನ್ನು ಎತ್ತಿ ಬರೆಯುವುದು. ಕೇಳುವಾಗ ಅಷ್ಟೇ ತಗ್ಗಿಸುವುದು. ನಡುವೆ ನುಸುಳಿದ ಸುಯ್ಲೂ ಜೊತೆಗೆ ತಗ್ಗುತ್ತದೆ. 1968ರಲ್ಲಿ ಮನೆಯ ಯಂತ್ರಗಳಿಗೆ ಬಂದ ಆತನ ಪದ್ಧತಿ ಸುಮಾರು 10 ಡೆಸಿಬೆಲ್‌ಗಳಷ್ಟು ಸುಯ್ಲನ್ನು ಇಳಿಸಿತು. ಆದರೆ ಅದು ಟೇಪಿನ ಸುಯ್ಲನ್ನಷ್ಟೇ ಬಲ್ಲುದು. ಮಾನ್ವಿಯ ಫ್ಯಾನನ್ನು ಅರಿಯದು.

ಇಂದು ಕೈಯ ಫೋನಿನಲ್ಲಿ ಟೇಪಿಲ್ಲ, ಆದರೂ ಸುಯ್ಲುಂಟು. 1928ರಲ್ಲಿ ಜಾನ್ಸನ್ ಎಂಬ ವಿಜ್ಞಾನಿ ಪ್ರಕಟಿಸಿದಂತೆ, ತಂತಿಯೊಳಗಿನ ಎಲೆಕ್ಟ್ರಾನುಗಳು ಶಾಖದಿಂದ ಚಡಪಡಿಸುವುದೇ ಒಂದು ಸದ್ದು. ಹಾಗಾದರೆ ರಾಯಚೂರಿನ ಬಿಸಿಲಿನದೇ ತಪ್ಪೆನ್ನೋಣವೆ? 25 ಡಿಗ್ರಿಯಿಂದ 45 ಡಿಗ್ರಿಗೆ ಏರಿದರೂ ಈ ಸದ್ದು ಹೆಚ್ಚುವುದು ಕಾಲು ಡೆಸಿಬೆಲ್‌ಗಿಂತ ತುಸು ಮೇಲಷ್ಟೆ, ಕಿವಿಗೆ ತಿಳಿಯದು. ತಪ್ಪು ಬಿಸಿಲಿನದಲ್ಲ, ಬಿಸಿಲಿಗೆ ಅಂಜಿ ನಾವು ತಿರುಗಿಸುವ ಫ್ಯಾನಿನದು. ಅದಕ್ಕಿಂತ ಮಿಗಿಲಾಗಿ, ದೂರದ್ದು. ಮೈಕನ್ನು ಬಾಯಿಗೆ ಅರ್ಧ ದೂರಕ್ಕೆ ತಂದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಸುಯ್ಲು ಇದ್ದಲ್ಲೇ ಇರುತ್ತದೆ. ಎಂಟಡಿ ನಾಲ್ಕಾಗಿ, ನಾಲ್ಕು ಎರಡಾಗಿ, ಎರಡು ಒಂದಾದರೆ 18 ಡೆಸಿಬೆಲ್. ಡಾಲ್ಬಿಯ ಉಪಕಾರಕ್ಕಿಂತ ಇದು ಹೆಚ್ಚು, ಖರ್ಚಂತೂ ಇಲ್ಲ.

ಆಮೇಲೆ ಸೋಸಿದರಾಯಿತಲ್ಲ ಎಂದು ತರುಣ ಮಿತ್ರರು ಹೇಳುತ್ತಾರೆ. ನನ್ನ ಕ್ಯಾಸೆಟ್ಟನ್ನೂ ಕಂಪ್ಯೂಟರಿನಲ್ಲಿ ಸೋಸಿ ಕೊಟ್ಟರು. ಸುಯ್ಲು ಹೋಯಿತು, ಅತ್ತೆಯ ಸಕಾರಗಳೂ ಹೋದವು. ಸಕಾರದ ಬಲ ಬಹುಪಾಲು ಸೆಕೆಂಡಿಗೆ 4,000 ಕಂಪನಗಳ ಮೇಲಿನದು. ಸುಯ್ಲು ನಮ್ಮ ಕಿವಿಗೆ ಕೊರೆಯುವುದೂ ಅಲ್ಲಿಯೇ. ಒಂದೇ ಬಿಲದಲ್ಲಿರುವ ಹಾವನ್ನೂ ಇಲಿಯನ್ನೂ ಹೊಗೆ ಬೇರ್ಪಡಿಸಲಾರದು. ಗ್ರಂಥಸಂಪಾದನೆಯ ಪಾಠವೇ ಇಲ್ಲಿಗೂ ಸಲ್ಲುತ್ತದೆ: ತಿದ್ದುವ ಮುನ್ನ ಮೂಲಪ್ರತಿಯನ್ನು ಭದ್ರವಾಗಿಡಬೇಕು, ತಿದ್ದಿದ್ದನ್ನು ಮೂಲವೆನ್ನಬಾರದು.

ನಿಮ್ಮ ಮನೆಯಲ್ಲಿ ಹಾಡಬಲ್ಲ, ಕಥೆ ಹೇಳಬಲ್ಲ ಹಿರಿಯರಿದ್ದರೆ ಇಷ್ಟು ಮಾಡಿ. ಮುಂಜಾನೆಯ ತಂಪಿನಲ್ಲಿ, ಬೀದಿ ಎಚ್ಚರಗೊಳ್ಳುವ ಮೊದಲು ಕುಳಿತುಕೊಳ್ಳಿ. ಫ್ಯಾನು ನಿಲ್ಲಿಸಿ. ಗೋಡೆಯ ಮಾರ್ದನಿ ತಗ್ಗಲು ಸುತ್ತ ಕೌದಿಗಳನ್ನು ಹರವಿ. ಮೈಕನ್ನು ಬಾಯಿಯಿಂದ ಒಂದು ಗೇಣಿನಲ್ಲಿ, ಉಸಿರು ನೇರ ತಾಗದಂತೆ ತುಸು ಓರೆಯಾಗಿಡಿ. ಹತ್ತು ಸೆಕೆಂಡು ಮುದ್ರಿಸಿ, ಕೇಳಿ, ಆಮೇಲೆ ಹಾಡಿಸಿ. ಸಂಶಯ ಬಂದ ಮಾತನ್ನು ಅಲ್ಲಿಯೇ ಕೇಳಿ ಬರೆದುಕೊಳ್ಳಿ.

ನನ್ನ ಟಿಪ್ಪಣಿಯಲ್ಲಿ ಆ ಒಂದು ಪದದ ಜಾಗ ಇಂದಿಗೂ ಖಾಲಿ ಇದೆ. 'ಸಂಗ'ವೆಂದು ಬರೆಯಲು ಮನಸ್ಸಾಗುತ್ತದೆ, ಬರೆದಿಲ್ಲ. ಅವಳು ಏನೆಂದಳೋ ಅದನ್ನು ಬರೆಯಬೇಕಾಗಿತ್ತು, ನನಗೆ ಬೇಕಾದುದನ್ನಲ್ಲ.