ಕಾಯಿಹಿಪ್ಪೆ ಹಿಟ್ಟಾದ ಕಥೆ



ಹಬ್ಬಕ್ಕೆ ಒತ್ತುಶಾವಿಗೆ ಮಾಡಿದಿರಿ ಅನ್ನಿ. ಜೊತೆಗೆ ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು ಬೇಕೇ ಬೇಕು. ನಾಲ್ಕು ಕಾಯಿ ತುರಿದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದಾಯಿತು. ಬಟ್ಟೆಯಲ್ಲಿ ಉಳಿದ ಬಿಳಿಯ ಹಿಪ್ಪೆಯನ್ನು ಏನು ಮಾಡ್ತೀರಿ? ಕಲಗಚ್ಚಿನ ಜೊತೆ ಎಮ್ಮೆಗೆ ಸುರಿದುಬಿಡ್ತೀರಿ. ಎಮ್ಮೆಗೇನೋ ಸಂತೋಷವೇ, ತಪ್ಪೂ ಅಲ್ಲ. ಆದರೆ ಅದೇ ಹಿಪ್ಪೆಯನ್ನು ಒಣಗಿಸಿ ಬೀಸಿದರೆ ಹಿಟ್ಟಾಗುತ್ತದೆ. ಆ ಹಿಟ್ಟಿನಿಂದ ಗೋಧಿ, ಅಕ್ಕಿ, ರಾಗಿ ಯಾವ ಧಾನ್ಯವನ್ನೂ ಸೇರಿಸದೆ ಖಾರಬಿಸ್ಕತ್ತು ಸುಡಬಹುದು. ಪಟ್ಟಣದ ಅಂಗಡಿಯಲ್ಲಿ ಈ ಹಿಟ್ಟಿಗೆ ಗೋಧಿಹಿಟ್ಟಿಗಿಂತ ಹೆಚ್ಚು ಬೆಲೆ. ಇದೇನಪ್ಪಾ ಹೊಸ ಸೋಜಿಗ ಅನ್ನಬೇಡಿ. ಇದರ ಹಿಂದೆ ನೂರಾರು ವರ್ಷದ ಕಥೆ ಉಂಟು. ಆ ಕಥೆ ತಿಳಿದರೆ ನಿಮ್ಮ ಹಿತ್ತಲಿನ ಕಾಯಿಯ ಬೆಲೆಯೂ ತಿಳಿಯುತ್ತದೆ.

ಮೊದಲು ಒಂದು ಪ್ರಶ್ನೆ. ತೆಂಗು ಇಷ್ಟೊಂದು ಬೆಳೆಯುವ ನಾಡುಗಳಿರುವಾಗ ಕಾಯಿಹಿಟ್ಟು ಬಹಳ ಹಿಂದೆಯೇ ಪೇಟೆಗೆ ಏಕೆ ಬರಲಿಲ್ಲ? ಕಾರಣ, ಪ್ರಪಂಚದ ವ್ಯಾಪಾರಿಗಳ ಕಣ್ಣಿಗೆ ಕಾಯಿ ಎಂದರೆ ಎಣ್ಣೆ ಮಾತ್ರ. 19ನೆಯ ಶತಮಾನದಲ್ಲಿ ಯೂರೋಪಿನಲ್ಲಿ ಸಾಬೂನಿನ ಕಾರ್ಖಾನೆಗಳು ಬೆಳೆದವು. 1869ರಲ್ಲಿ ಫ್ರಾನ್ಸಿನಲ್ಲಿ ಬೆಣ್ಣೆಗೆ ಬದಲಾಗಿ ಮಾರ್ಗರೀನ್ ಎಂಬ ಪದಾರ್ಥ ಹುಟ್ಟಿತು; ಮುಂದೆ ಅದಕ್ಕೂ ತೆಂಗಿನೆಣ್ಣೆ ಬೇಕಾಯಿತು. ಸಿಂಹಳ, ಮಲಬಾರು, ಫಿಲಿಪೀನ್ಸ್ ದ್ವೀಪಗಳಿಂದ ಹಡಗುಗಟ್ಟಲೆ ಎಣ್ಣೆಯೂ ಕೊಬ್ಬರಿಯೂ ಹೊರಟವು. ಗಿರಣಿಗೆ ಹೋಗುವ ಕೊಬ್ಬರಿಯನ್ನು ಹೊಗೆಯಲ್ಲಿಯೋ ನೆಲದ ಮೇಲೆ ಬಿಸಿಲಿನಲ್ಲಿಯೋ ಒಣಗಿಸುವುದು ವಾಡಿಕೆ. ಮಸಿ, ಮಣ್ಣು, ಬೂಷ್ಟು ಹತ್ತಿದರೆ ಎಣ್ಣೆಯವನಿಗೇನು? ಎಣ್ಣೆ ಬಂದರಾಯಿತು. ಮಿಕ್ಕ ಹಿಂಡಿ ಮನುಷ್ಯರು ತಿನ್ನುವ ಹಾಗಿರಲಿಲ್ಲ. ಹೀಗೆ ಕಾಯಿಯ ಹಿಟ್ಟಿನಂಶವೆಲ್ಲ ದನದ ಬಾಯಿಗೆ, ಇಲ್ಲವೇ ಗೊಬ್ಬರದ ಗುಂಡಿಗೆ ಸೇರಿತು.

ನಮ್ಮ ತಿಪಟೂರು, ಅರಸೀಕೆರೆ ಕಡೆಯ ಮಾತು ಬೇರೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ನೀರು ತಾನಾಗಿ ಬತ್ತಿ, ಒಳಗೆ ಕೊಬ್ಬರಿ ಗಡಗಡ ಅನ್ನುವವರೆಗೆ ಕಾದು ತೆಗೆಯುವ ಉಂಡೆಕೊಬ್ಬರಿ ನಮ್ಮದು. ಅದು ತಿನ್ನುವುದಕ್ಕೆಂದೇ ಮಾಡಿದ್ದು. ಆದರೂ ದರ ಬಿದ್ದ ವರ್ಷ ಬೆಳೆಗಾರನ ಕೈ ಬರಿದಾಗುವುದು ನಿಮಗೆ ತಿಳಿಯದ್ದೇನಲ್ಲ. ಕಾಯಿಯನ್ನು ಒಂದೇ ರೂಪದಲ್ಲಿ ಮಾರುವವನು ಒಂದೇ ಬಾಗಿಲಲ್ಲಿ ಕಾಯಬೇಕಾಗುತ್ತದೆ.

ಇಲ್ಲಿಗೆ ಎಣ್ಣೆಯ ಕಥೆ ಆಯಿತು. ಇನ್ನು ಪುಡಿಯ ಕಥೆ ಕೇಳಿ. 1895ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಊರಿನಲ್ಲಿ ಫ್ರಾಂಕ್ಲಿನ್ ಬೇಕರ್ ಎಂಬ ಹಿಟ್ಟಿನ ಗಿರಣಿಯವನಿದ್ದ. ಕ್ಯೂಬಾ ದ್ವೀಪದ ವ್ಯಾಪಾರಿಯೊಬ್ಬನಿಗೆ ಗೋಧಿಹಿಟ್ಟು ಕಳಿಸಿದ್ದ. ಹಣದ ಬದಲು ಬಂದದ್ದು ಒಂದು ಹಡಗು ತೆಂಗಿನಕಾಯಿ! ಕೊಳ್ಳುವವರಿಲ್ಲ, ಇಟ್ಟರೆ ಕೆಡುತ್ತದೆ. ಕೊನೆಗೆ ಆತ ಕಾಯಿ ತುರಿದು ಒಣಗಿಸುವ ಯಂತ್ರಗಳನ್ನು ಕೊಂಡು, ಒಣತುರಿ ಮಾಡಿ ಮಾರಿದ. ಆ ವ್ಯಾಪಾರ ಎಷ್ಟು ಕುದುರಿತೆಂದರೆ ಎರಡೇ ವರ್ಷದಲ್ಲಿ ಹಿಟ್ಟಿನ ಗಿರಣಿಯನ್ನು ಬಿಟ್ಟು ಕಾಯಿಯನ್ನೇ ಹಿಡಿದ. ಅಷ್ಟರಲ್ಲಿ ಸಿಂಹಳದಲ್ಲೂ ಒಣತುರಿಯ ಕಾರ್ಖಾನೆಗಳು ಎದ್ದಿದ್ದವು. ಇಂದು ನಮ್ಮ ತುಮಕೂರು ಸೀಮೆಯಲ್ಲೂ ಅಂಥವು ಬೇಕಾದಷ್ಟಿವೆ.

ಇಲ್ಲಿ ಒಂದು ಎಚ್ಚರಿಕೆ. ಈ ಒಣತುರಿಯ ಪುಡಿ ಬೇರೆ, ಕಾಯಿಹಿಟ್ಟು ಬೇರೆ. ಒಣತುರಿಯಲ್ಲಿ ಕಾಯಿಯ ಎಣ್ಣೆಯೆಲ್ಲ ಹಾಗೇ ಇರುತ್ತದೆ; ಮುಟ್ಟಿದರೆ ಬೆರಳಿಗೆ ಜಿಡ್ಡು. ಹಾಲನ್ನೋ ಎಣ್ಣೆಯನ್ನೋ ತೆಗೆದ ಮೇಲೆ ಉಳಿದದ್ದನ್ನು ಒಣಗಿಸಿ ಬೀಸಿದ್ದೇ ಕಾಯಿಹಿಟ್ಟು. ಒಂದರ ಬದಲು ಇನ್ನೊಂದು ಹಾಕಿದರೆ ಬಿಸ್ಕತ್ತು ಕೆಟ್ಟಿತೆಂದೇ ತಿಳಿಯಿರಿ.

ಹಳ್ಳಿಯ ಒಲೆಯ ಮೇಲೆ ಬಿಸ್ಕತ್ತು ಸುಡುವ ಮಾತಿಗೆ ಬಂದರೆ ಒಬ್ಬ ಹೆಣ್ಣುಮಗಳನ್ನು ನೆನೆಯಬೇಕು. ಫಿಲಿಪೀನ್ಸಿನ ಮರಿಯಾ ಒರೋಸಾ ಎಂಬಾಕೆ ಅಮೆರಿಕದಲ್ಲಿ ಆಹಾರ ರಸಾಯನಶಾಸ್ತ್ರ ಓದಿ 1922ರಲ್ಲಿ ತಾಯ್ನಾಡಿಗೆ ಮರಳಿದರು. ಆ ನಾಡಿನಲ್ಲಿ ತೆಂಗು ಹೇರಳ. ಗೋಧಿ ಮಾತ್ರ ಹಡಗಿನಲ್ಲಿ ಬರಬೇಕು. ನಮ್ಮಲ್ಲಿ ಬೆಳೆಯದ್ದಕ್ಕೆ ಕೈಚಾಚುವುದೇಕೆ ಎಂದು ಅವರು ಮರಗೆಣಸಿನಿಂದ, ಬಾಳೆಕಾಯಿಯಿಂದ ಹಿಟ್ಟು ಮಾಡಿ ತೋರಿಸಿದರು. ವಿದ್ಯುತ್ತಿಲ್ಲದ ಹಳ್ಳಿಗಳಿಗಾಗಿ ಮಣ್ಣಿನ ಮಡಕೆಯಿಂದಲೇ ಸುಡುವ ಒಲೆ ರೂಪಿಸಿದರು. ಹಳ್ಳಿಯ ಹೆಂಗಸರ ಸಂಘಗಳಲ್ಲಿ ಈ ವಿದ್ಯೆ ಕಲಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸೋಯಾ ಪುಡಿಯನ್ನೂ ಅಕ್ಕಿ ತೌಡಿನ ಬಿಸ್ಕತ್ತನ್ನೂ ಸೆರೆಯಲ್ಲಿದ್ದವರಿಗೆ ಗುಟ್ಟಾಗಿ ಮುಟ್ಟಿಸಿ ಎಷ್ಟೋ ಜೀವ ಉಳಿಸಿದರು. 1945ರ ಫೆಬ್ರವರಿಯಲ್ಲಿ ಮನಿಲಾ ನಗರದ ಕಾಳಗದಲ್ಲಿ ಮಡಿದರು. ತೌಡು, ಗೆಣಸು ಎಂದು ಮೂಗು ಮುರಿಯುವವರಿಗೆ ಅವರ ಬಾಳೇ ಉತ್ತರ.

ಸರಿ, ಗೋಧಿ ಸಿಗದ ಕಡೆ ಬೇರೆ ಹಿಟ್ಟು ಬಂತು. ಗೋಧಿ ಸಿಗುವ ಕಡೆಯಲ್ಲೂ ಅದು ಬೇಡವೆಂದು ಬೇರೆ ಹಿಟ್ಟು ಹುಡುಕಿದ್ದೇಕೆ? ಇದು ಹಾಲೆಂಡ್ ದೇಶದ ಸಂಗತಿ. ಅಲ್ಲಿ ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ವೈದ್ಯರಿದ್ದರು. ಕೆಲವು ಮಕ್ಕಳು ಎಷ್ಟು ಉಂಡರೂ ಭೇದಿಯಾಗಿ ಸೊರಗುತ್ತಿದ್ದವು. ಗೋಧಿಯೇ ಕಾರಣವಿರಬೇಕೆಂದು ಅವರಿಗೆ ಮೊದಲಿನಿಂದ ಗುಮಾನಿ. 1944–45ರ ಚಳಿಗಾಲದಲ್ಲಿ ಯುದ್ಧದ ಹೊಡೆತಕ್ಕೆ ಅಲ್ಲಿ ಘೋರ ಕ್ಷಾಮ ಬಂತು, ರೊಟ್ಟಿಯೇ ಇಲ್ಲ. ಊರೆಲ್ಲ ಹಸಿವಿನಿಂದ ಕಂಗೆಟ್ಟಾಗ ಈ ಮಕ್ಕಳು ಮಾತ್ರ ಚೇತರಿಸಿಕೊಂಡವು! ರೊಟ್ಟಿ ಮರಳಿ ಬಂದಾಗ ರೋಗವೂ ಮರಳಿತು. 1950ರಲ್ಲಿ ಡಿಕ್ಕೆ ಇದನ್ನು ಪ್ರಬಂಧವಾಗಿ ಬರೆದರು. ಗೋಧಿಯ ಗ್ಲುಟೆನ್ ಎಂಬ ಅಂಟು ಆ ಮಕ್ಕಳಿಗೆ ಆಗದೆಂಬುದು ಆಮೇಲೆ ಖಚಿತವಾಯಿತು. ಅಂಥ ಮಕ್ಕಳು ನಮ್ಮ ದೇಶದಲ್ಲೂ ಇದ್ದಾರೆ. ಗೋಧಿ ತಿಂದಾಗಲೆಲ್ಲ ಭೇದಿ, ಮೈ ಹತ್ತದ ಮಗು ಮನೆಯಲ್ಲಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಅಕ್ಕಿ, ರಾಗಿ, ಜೋಳದಲ್ಲಿ ಆ ಅಂಟಿಲ್ಲ, ಕಾಯಿಹಿಟ್ಟಿನಲ್ಲೂ ಇಲ್ಲ.

ಸಕ್ಕರೆ ಕಾಯಿಲೆಯವರ ಮಾತೂ ಉಂಟು. ಫಿಲಿಪೀನ್ಸಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತಿಂಡಿಯಲ್ಲಿ ಕಾಯಿಹಿಟ್ಟು ಹೆಚ್ಚಾದಂತೆ ರಕ್ತದಲ್ಲಿ ಸಕ್ಕರೆ ಏರುವುದು ಕಡಮೆಯಾದದ್ದು ಕಂಡಿತು. ಅವರ ಹಿಟ್ಟಿನ 100 ಗ್ರಾಮಿನಲ್ಲಿ ಸುಮಾರು 60 ಗ್ರಾಂ ನಾರೇ ಇತ್ತು. ಹಾಗೆಂದು ಮಾತ್ರೆ ಬಿಟ್ಟು ಬಿಸ್ಕತ್ತು ತಿನ್ನಿರೆಂದು ಅರ್ಥವಲ್ಲ. ಇದು ತಿಂಡಿ, ಮದ್ದಲ್ಲ.

ನಮ್ಮವರೂ ಸುಮ್ಮನೆ ಕೂತಿರಲಿಲ್ಲ. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನಲ್ಲಿ 1916ರಲ್ಲೇ ತೆಂಗಿನ ಸಂಶೋಧನೆ ಶುರುವಾಯಿತು. 1950ರಲ್ಲಿ ಮೈಸೂರಿನಲ್ಲಿ ತೆರೆದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ಕೊಬ್ಬರಿ ಮಾಡದೆ ಹಸಿ ಕಾಯಿಯಿಂದಲೇ ಎಣ್ಣೆಯನ್ನೂ ತಿನ್ನುವ ಹಿಟ್ಟನ್ನೂ ಬೇರ್ಪಡಿಸುವ ಕೆಲಸ ನಡೆಯಿತು. 1981ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಬಂತು. ಇನ್ನು ಖಾರಬಿಸ್ಕತ್ತು ನಮಗೆ ಹೊಸದೇ? ತೆಂಗಿನ ಸೀಮೆಯಾದ ಹಾಸನದ ಕಡೆಯಿಂದ ಬೆಂಗಳೂರಿಗೆ ಹೋದ ಅಯ್ಯಂಗಾರರ ಬೇಕರಿಗಳು ಮೆಣಸಿನಕಾಯಿ, ಕರಿಬೇವು ಹಾಕಿದ ಅದನ್ನು ನಾಡಿಗೆಲ್ಲ ಪರಿಚಯಿಸಿದವು. ಅದು ಮೈದಾಹಿಟ್ಟಿನದು, ನಾವು ಈಗ ಅದೇ ರುಚಿಯನ್ನು ಕಾಯಿಹಿಟ್ಟಿಗೆ ತರೋಣ.

ತಾಯಂದಿರೇ, ಗಮನವಿಟ್ಟು ಕೇಳಿ. ಹಿಪ್ಪೆಯನ್ನು ಅಂದೇ ಒಣಗಲು ಹಾಕಿ; ಬಿಟ್ಟರೆ ಹುಳಿಯಾಗುತ್ತದೆ. ಶುಭ್ರವಾದ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿಗಿಡಿ, ಇಲ್ಲವೇ ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಕೆಂಪಾಗದಂತೆ ಬೆಚ್ಚಗೆ ಮಾಡಿ. ಗರಿಗರಿಯಾದ ಮೇಲೆ ಪುಡಿಮಾಡಿ ಜರಡಿ ಹಿಡಿಯಿರಿ. ಸ್ವಲ್ಪ ಜಿಡ್ಡು ಉಳಿದಿರುವುದರಿಂದ ತಿಂಗಳುಗಟ್ಟಲೆ ಇಟ್ಟರೆ ಕಮಟು ವಾಸನೆ ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೇಗ ಮುಗಿಸಿ.

100 ಗ್ರಾಂ ಹಿಟ್ಟಿಗೆ 3 ಮೊಟ್ಟೆ, 50 ಗ್ರಾಂ ಬೆಣ್ಣೆ, ರುಚಿಗೆ ಉಪ್ಪು, ಜೀರಿಗೆ, ಕುಟ್ಟಿದ ಮೆಣಸು, ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು. ಕಲಸಿ ಹತ್ತು ನಿಮಿಷ ಬಿಡಿ. ಈ ಹಿಟ್ಟು ನೀರನ್ನು ಬಹಳ ಕುಡಿಯುತ್ತದೆ. ಒಣಗಿದಂತೆ ಕಂಡರೆ ಚಮಚ ಚಮಚವಾಗಿ ಮೊಸರು ಸೇರಿಸಿ. ಗೋಧಿಯ ಅಂಟಿಲ್ಲದ್ದರಿಂದ ಹಿಡಿದು ನಿಲ್ಲಿಸುವುದು ಮೊಟ್ಟೆಯೇ. ಮೊಟ್ಟೆ ಒಲ್ಲದ ಮನೆಯವರು ಎರಡು ಚಮಚ ಅಗಸೆಬೀಜದ ಪುಡಿಯನ್ನು ಆರು ಚಮಚ ನೀರಿನಲ್ಲಿ ನೆನೆಸಿ, ಸ್ವಲ್ಪ ಆರಾರೂಟು ಹಿಟ್ಟಿನೊಡನೆ ಸೇರಿಸಿ ತೆಳ್ಳಗೆ ತಟ್ಟಲಿ. ತುಸು ಪುಡಿಯಾದೀತು, ರುಚಿಗೆ ಕೊರತೆಯಿಲ್ಲ.

ಒಲೆ? ದಪ್ಪ ತಳದ ಪಾತ್ರೆಗೆ ಎರಡು ಬೆರಳಿನಷ್ಟು ಮರಳು ಹಾಕಿ ಕಾಯಿಸಿ. ಮೇಲೆ ತಟ್ಟೆಯಲ್ಲಿ ಬಿಲ್ಲೆಗಳನ್ನಿಟ್ಟು ಮುಚ್ಚಿ, ಮುಚ್ಚಳದ ಮೇಲೆ ನಾಲ್ಕು ಕೆಂಡ ಹರಡಿ. ಸಣ್ಣ ಉರಿಯಲ್ಲಿ 20–25 ನಿಮಿಷ. ಹೊಂಬಣ್ಣ ಬಂದರೆ ಇಳಿಸಿ, ಪೂರ್ತಿ ಆರಿದ ಮೇಲೆ ಮುಟ್ಟಿ. ನಾರು ಹೆಚ್ಚಿರುವುದರಿಂದ ಒಮ್ಮೆಗೆ ಎರಡು ಮೂರು ಸಾಕು. ಮೇಲೆ ನೀರು ಕುಡಿಯಿರಿ.

ಒಂದು ಮನೆಯ ಹಿಪ್ಪೆಯಿಂದ ಸಂಸಾರ ಹಸನಾಗದು, ನಿಜ. ಆದರೆ ಊರಿನ ಹತ್ತು ಹೆಂಗಸರು ಕೂಡಿ ಹಾಲು, ಎಣ್ಣೆ, ಹಿಟ್ಟು ಮೂರನ್ನೂ ತೆಗೆದರೆ ಅದೇ ಕಾಯಿ ಮೂರು ಬಾಗಿಲು ತಟ್ಟುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹಿತ್ತಲ ಕಾಯಿ ಹಿಟ್ಟಲ್ಲ ಎಂದು ಜನ ನೂರು ವರ್ಷ ನಂಬಿದ್ದರು. ಮುಂದಿನ ಹಬ್ಬಕ್ಕೆ ಕಾಯಿಹಾಲು ಹಿಂಡಿದಾಗ, ಎಮ್ಮೆಯ ಪಾಲಿನಲ್ಲಿ ಒಂದು ಬೊಗಸೆ ತೆಗೆದಿಟ್ಟು ನೋಡಿ.