ಹೊಯ್ಸಳ ದೇವಾಲಯಗಳೂ 1855ರ ಚಿತ್ರಪ್ರದರ್ಶನವೂ

ಬೇಲೂರು ಹಳೇಬೀಡುಗಳ ದೇವಾಲಯಗಳ ಚರಿತ್ರೆಗೆ ಶಾಸನಗಳೇ ಪ್ರಧಾನ ಆಧಾರವೆಂಬುದು ಸುವಿದಿತ. ಆದರೆ ಕಟ್ಟಡವನ್ನು ಯಾರು, ಯಾವಾಗ ಕಟ್ಟಿಸಿದರೆಂದು ತಿಳಿಸುವ ಶಾಸನವು ಮುಂದಿನ ಶತಮಾನಗಳಲ್ಲಿ ಅದಕ್ಕೊದಗಿದ ಸ್ಥಿತಿಯನ್ನು ಹೇಳಲಾರದು. ಈ ಕೊರತೆಯನ್ನು ತುಂಬುವ ಸಾಮಗ್ರಿಯೊಂದು 1855ರಲ್ಲಿ ಮದರಾಸಿನ ಪ್ರದರ್ಶನವೊಂದರಲ್ಲಿ ಜನರ ಮುಂದೆ ಬಂದಿತು.

ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳಿಗೆ ಬಂದು ಛಾಯಾಚಿತ್ರಗಳನ್ನು ತೆಗೆದನು. ಮರುವರ್ಷದ ಫೆಬ್ರವರಿಯಲ್ಲಿ ಮದರಾಸಿನಲ್ಲಿ ನಡೆದ ಕಲೆ ಹಾಗೂ ಕೈಗಾರಿಕೆಗಳ ಪ್ರದರ್ಶನದಲ್ಲಿ ಅವನ 68 ಚಿತ್ರಗಳಿದ್ದವು. ತೀರ್ಪುಗಾರರು ಅವನ್ನು ಕಾಗದದ ಮೇಲಿನ ಅತ್ಯುತ್ತಮ ಚಿತ್ರಶ್ರೇಣಿಯೆಂದು ಮನ್ನಿಸಿದರು. ಓಕ್ಲಿ ಎಂಬುವನು 1856ರಲ್ಲಿ ಹಳೇಬೀಡಿನಲ್ಲಿ ತೆಗೆದ 56 ಚಿತ್ರಗಳು 1859ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಪ್ರಕಟವಾದುವು. ವೈದ್ಯನಾದ ನೀಲ್ ಮೊದಲಾದವರ ಚಿತ್ರಗಳು ಧಾರವಾಡ, ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ 1866ರ ಗ್ರಂಥದಲ್ಲಿ ಸೇರಿದುವು. ಫರ್ಗುಸನ್ ಹೊಯ್ಸಳ ಶಿಲ್ಪವನ್ನು ವಿವೇಚಿಸಲು ಛಾಯಾಚಿತ್ರಗಳನ್ನೇ ಬಹುವಾಗಿ ಅವಲಂಬಿಸಿದನು.

ಇವುಗಳ ಚಾರಿತ್ರಿಕ ಬೆಲೆ ಎಷ್ಟೆಂಬುದಕ್ಕೆ ಹಳೇಬೀಡಿನ ಕೇದಾರೇಶ್ವರ ದೇವಾಲಯವೇ ನಿದರ್ಶನ. ಇಮ್ಮಡಿ ಬಲ್ಲಾಳನೂ ರಾಣಿ ಅಭಿನವ ಕೇತಲದೇವಿಯೂ 13ನೆಯ ಶತಮಾನದ ಆದಿಭಾಗದಲ್ಲಿ ಕಟ್ಟಿಸಿದ ಈ ಗುಡಿಗೆ ಇಂದು ಶಿಖರವಿಲ್ಲ. 19ನೆಯ ಶತಮಾನದ ಚಿತ್ರಗಳಲ್ಲಾದರೋ ಶಿಖರವಿದೆ. ಅದರ ಸಂದಿಗಳಲ್ಲಿ ಬೇರೂರಿದ ಮರವೂ ಇದೆ. ಅಂದು ಅಲಕ್ಷಿತವಾದ ಆ ಮರವೇ ಮುಂದೆ ಕಟ್ಟಡವನ್ನು ಶಿಥಿಲಗೊಳಿಸಿತು. ನಿರ್ಮಾತೃಗಳನ್ನು ನಾವು ಶಾಸನದಿಂದ ಅರಿಯುತ್ತೇವೆ. ನಷ್ಟವಾದ ರೂಪವನ್ನೂ ನಾಶದ ಕಾರಣವನ್ನೂ ಚಿತ್ರದಿಂದ ಮಾತ್ರ ಕಾಣುತ್ತೇವೆ.

ಆದರೂ ಚಿತ್ರವನ್ನು ವಿಮರ್ಶೆಯಿಲ್ಲದೆ ಪ್ರಮಾಣವೆಂದು ಒಪ್ಪುವಂತಿಲ್ಲ. ಅಂದಿನ ಛಾಯಾಗ್ರಹಣಕ್ಕೆ ದೀರ್ಘಕಾಲದ ಬೆಳಕು ಬೇಕಾಗಿದ್ದುದರಿಂದ ನಡೆದಾಡುವ ಜನರು ಅದರಲ್ಲಿ ಮೂಡುವುದು ದುರ್ಲಭವಾಗಿತ್ತು. ಆ ಕಾರಣ ದೇವಾಲಯಗಳೆಲ್ಲ ನಿರ್ಜನ ಅವಶೇಷಗಳಂತೆ ತೋರುತ್ತವೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನಿಗೆ ಆಗಲೂ ಪೂಜೆ ಸಲ್ಲುತ್ತಿತ್ತು. ಚಿತ್ರದ ನಿಶ್ಶಬ್ದವನ್ನು ಊರಿನ ನಿಶ್ಶಬ್ದವೆಂದು ಭಾವಿಸಿದರೆ ಚರಿತ್ರೆಗೆ ಅಪಚಾರವಾದೀತು.

ಈ ವಿಷಯ ಇಂದಿಗೂ ಅಪ್ರಸ್ತುತವಲ್ಲ. ಇದೇ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಇಗರ್ಜಿಯು ಹೇಮಾವತಿ ಜಲಾಶಯದ ನೀರೇರಿದಾಗ ಮುಳುಗುತ್ತ, ಇಳಿದಾಗ ಮೇಲೇಳುತ್ತ ಸವೆಯುತ್ತಿದೆ. ಅದನ್ನು ನೋಡಲು ಬರುವವರು ತೆಗೆಯುವ ಚಿತ್ರಗಳಿಗೆ ಲೆಕ್ಕವಿಲ್ಲ. ಆದರೆ ದಿನಾಂಕ, ದಿಕ್ಕು, ಅಳತೆಗಳಿಲ್ಲದ ಚಿತ್ರವು ನೋಟಕ್ಕೆ ಒದಗೀತೇ ಹೊರತು ಸಂಶೋಧನೆಗೆ ಒದಗದು. ನಿತ್ಯ ಪೂಜೆಗೊಳ್ಳುವ ಕ್ಷೇತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿಯಂಥಲ್ಲಿ ಭಕ್ತಿಯಿಂದಲೇ ನಡೆಯುವ ಜೀರ್ಣೋದ್ಧಾರವೂ ಹಳೆಯ ರೂಪವನ್ನು ಮರೆಮಾಡಬಲ್ಲದು.

ಆದುದರಿಂದ ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ಸುತ್ತಣ ಗುಡಿ, ಮಸೀದಿ, ಬಸದಿ, ಇಗರ್ಜಿಗಳ ಚಿತ್ರಗಳನ್ನು ವಿದ್ಯಾರ್ಥಿಗಳಿಂದ ಬರೆಯಿಸಿ, ತೆಗೆಯಿಸಿ, ಪ್ರತಿಯೊಂದರ ಕೆಳಗೆ ವಿವರಗಳನ್ನು ನಮೂದಿಸಿ ವರ್ಷಕ್ಕೊಮ್ಮೆ ಪ್ರದರ್ಶಿಸುವುದು ಉಚಿತ. ಪ್ರದರ್ಶನ ಮುಗಿದ ಮೇಲೆ ಅವನ್ನು ಕಾಪಾಡುವುದು ಇನ್ನೂ ಅಗತ್ಯ. ಕೇದಾರೇಶ್ವರದ ಶಿಖರವನ್ನು ಚಿತ್ರಗಳು ಉಳಿಸಲಿಲ್ಲ, ನಿಜ. ಆದರೆ ಅಲ್ಲಿ ಶಿಖರವಿತ್ತೆಂಬ ಅರಿವನ್ನು ಉಳಿಸಿದುವು.