ಗಂಜೀಫ ರಘುಪತಿ ಭಟ್ಟ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ನೆಲೆಸಿ ಮೈಸೂರು ಗಂಜೀಫ ಚಿತ್ರಕಲೆಗೆ ಮರುಹುಟ್ಟು ಕೊಟ್ಟ ಕಲಾವಿದ. ಮೂಲ ಉಡುಪಿ ಕಡೆ. ಕೈಯಿಂದ ಚಿತ್ರ ಬರೆದ ಆಟದ ಎಲೆಗಳೇ ಗಂಜೀಫ. ಆ ಕಲೆಯ ಹೆಸರು ಇವರ ಹೆಸರಿನ ಭಾಗವೇ ಆಗಿಹೋಗಿದೆ. ಅಳಿಯುತ್ತಿದ್ದ ಪರಂಪರೆಯನ್ನು ಉಳಿಸಿದವರು ಎಂದು ಇವರನ್ನು ಪರಿಚಯಿಸುವುದು ರೂಢಿ. ಮಾತು ಸುಳ್ಳಲ್ಲವಾದರೂ ಇವರ ಸಾಧನೆಯನ್ನು ಅದು ಕಿರಿದು ಮಾಡುತ್ತದೆ. ಇವರು ತಲೆಮಾರಿನಿಂದ ಬಂದ ಚಿತ್ರಗಾರ ಮನೆತನದವರಲ್ಲ; ಕೈಗೆ ಸಿಕ್ಕಿದ್ದು ಹಳೆಯ ಎಲೆಗಳು ಮತ್ತು ಗ್ರಂಥದ ವಿವರಗಳು. ಅವುಗಳಿಂದ ಒಂದು ಚಿತ್ರಶೈಲಿಯನ್ನು ಕಟ್ಟಿಕೊಂಡಿದ್ದನ್ನು ಹೊಸ ಸೃಷ್ಟಿಯೆಂದೇ ಎಣಿಸಬೇಕು.

ಮೈಸೂರು ಗಂಜೀಫದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಬಾಬರ್ 1527ರಲ್ಲಿ ಸಿಂಧಿನ ಷಾ ಹಸನನಿಗೆ ಗಂಜೀಫ ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಗಲರ ಆಟಕ್ಕೆ 96 ಎಲೆ, ದಶಾವತಾರದ ಆಟಕ್ಕೆ 120. ಮೈಸೂರಿನಲ್ಲಿ ಇದು ಬೇರೆಯೇ ದಾರಿ ಹಿಡಿದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅರಸರಿಗೆ ಉಳಿದದ್ದು ಸಾಹಿತ್ಯ, ಕಲೆ, ಆಟಗಳ ರಾಜ್ಯ. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಹದಿಮೂರು ಎಲೆಯಾಟಗಳ ವಿವರಣೆಯಿದೆ. ಕೃಷ್ಣರಾಜನ ಹೆಸರಿನ ಆಟಕ್ಕೆ 72 ಎಲೆ ಸಾಕು. ಚಾಮುಂಡೇಶ್ವರಿಯ ಹೆಸರಿನದಕ್ಕೆ 320, ಜಗನ್ಮೋಹನಕ್ಕೆ 360. ಇಷ್ಟು ಎಲೆ ಹಿಡಿದು ಆಡುವ ತಾಳ್ಮೆ ಅರಮನೆಯ ಹೊರಗೆ ಎಷ್ಟು ಜನಕ್ಕೆ ಇದ್ದೀತು? ಅಚ್ಚಾದ ಅಗ್ಗದ ಇಸ್ಪೀಟೆಲೆ ಬಂದಾಗ ಇವು ಮೂಲೆಗುಂಪಾದದ್ದರಲ್ಲಿ ಅಚ್ಚರಿಯಿಲ್ಲ. ಎಂದರೆ, ನಾವು ಪರಂಪರೆ ಎನ್ನುವುದೇ ಹತ್ತೊಂಬತ್ತನೆಯ ಶತಮಾನದ ಒಬ್ಬ ಅರಸರ ಕಲ್ಪನೆಯ ಫಲ.

ಹಾಗಾದರೆ ಭಟ್ಟರ ಕೆಲಸ ಬರಿಯ ನಕಲಲ್ಲವೇ ಎಂಬ ಆಕ್ಷೇಪ ಏಳುತ್ತದೆ. ಇದಕ್ಕೆ ಉತ್ತರವಾಗಿ ಅವರು ನೆಲೆಸಿದ ಶ್ರೀರಂಗಪಟ್ಟಣದಲ್ಲೇ ಇರುವ ಟಿಪ್ಪುವಿನ ಅರಮನೆ ದರಿಯಾ ದೌಲತ್ತನ್ನು ನೋಡಬಹುದು. 1780ರ ಪೊಳ್ಳಿಲೂರು ಯುದ್ಧದ ಅಲ್ಲಿನ ಭಿತ್ತಿಚಿತ್ರ ಟಿಪ್ಪುವಿನ ಕಾಲದ್ದೆಂದು ಪ್ರಸಿದ್ಧ. ಆದರೆ ಅದಕ್ಕೆ ಸುಣ್ಣ ಬಳಿದದ್ದೂ ಉಂಟು; ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ 1850ರ ದಶಕದಲ್ಲಿ ಮತ್ತೆ ಬರೆಸಿದ್ದೂ ಉಂಟು. ಮತ್ತೆ ಬರೆದದ್ದೆಂದು ಯಾರೂ ಅದನ್ನು ತಳ್ಳಿಹಾಕುವುದಿಲ್ಲ. ಭಟ್ಟರಿಗೆ ಮಾತ್ರ ಬೇರೆ ಅಳತೆಗೋಲು ಏಕೆ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಆಡುವವರಿಲ್ಲದ ಎಲೆ ಬರೀ ಅಲಂಕಾರದ ವಸ್ತು. ಇದನ್ನು ಭಾಗಶಃ ಒಪ್ಪಲೇಬೇಕು. ಕೊಳ್ಳುವವರು ಈಗ ಎಲೆಯನ್ನು ಚೌಕಟ್ಟಿನಲ್ಲಿಡುತ್ತಾರೆ. ಆದರೆ ಅಂಗೈಯಲ್ಲಿ ಅಡಗುವ ಎಲೆಯೊಳಗೆ ದೇವತೆ, ವಾಹನ, ಆಯುಧಗಳನ್ನು ಗುರುತು ಸಿಗುವಂತೆ ಕೂರಿಸುವ ಶಿಸ್ತು ಆಟದಿಂದಲೇ ಬಂದದ್ದು; ಎಲೆ ಕೈಯಲ್ಲಿದ್ದಾಗ ಯಾವುದೆಂದು ಥಟ್ಟನೆ ತಿಳಿಯಲೇಬೇಕಿತ್ತು. ಭಟ್ಟರು ಆ ಶಿಸ್ತನ್ನು ಎಲೆಗಷ್ಟೇ ಮೀಸಲಿಡದೆ, ಸಸ್ಯ ಮತ್ತು ಖನಿಜಗಳ ಬಣ್ಣ ಬಳಸಿ, ಪುರಾಣ ಕಾವ್ಯಗಳ ದೊಡ್ಡ ಚಿತ್ರಗಳಿಗೂ ಹಬ್ಬಿಸಿದರು, ಶಿಷ್ಯರಿಗೂ ಕಲಿಸಿದರು. ಮೈಸೂರಿನ ಗಂಜೀಫ ಎಲೆಗಳಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.